‘ಡಾ.’ ಉಳಿಯಿತು, ಲೈಸೆನ್ಸ್ ಹೋಯಿತು

ಮಾನ್ಯ ಸಂಪಾದಕರೇ,

ಅಮೆರಿಕದ ಟಿವಿ ನಿರೂಪಕ ಫಿಲ್ ಮೆಕ್‌ಗ್ರಾ, ಅಂದರೆ ‘ಡಾ. ಫಿಲ್’, ಅವರ ಸುದ್ದಿ ಬಂದಾಗಲೆಲ್ಲ ನಮ್ಮ ಕನ್ನಡ ಪತ್ರಿಕೆ ಮತ್ತು ಚಾನೆಲ್‌ಗಳಲ್ಲಿ ಒಂದು ಗೊಂದಲ ಕಾಣುತ್ತದೆ. ಒಂದು ಕಡೆ ‘ಖ್ಯಾತ ಮನೋವೈದ್ಯ’, ಇನ್ನೊಂದು ಕಡೆ ‘ಮನಶ್ಶಾಸ್ತ್ರಜ್ಞ’, ಮತ್ತೊಂದು ಕಡೆ ‘ಆಪ್ತಸಮಾಲೋಚಕ’. ಬರೆಯುವವರ ಕೈಗೆ ಯಾವ ಪದ ಮೊದಲು ಸಿಕ್ಕಿತೋ ಅದು. ಇವು ಮೂರು ಬೇರೆ ಬೇರೆ ಕೆಲಸಗಳು. ಪದ ತಪ್ಪಿದರೆ ಆ ಮನುಷ್ಯರ ವೃತ್ತಿಜೀವನದ ಕಥೆಯೇ ತಪ್ಪುತ್ತದೆ. ಹಾಗಾಗಿ ಈ ಪತ್ರ ಸ್ವಲ್ಪ ಉದ್ದವಾದರೂ ಬರೆಯುತ್ತಿದ್ದೇನೆ.

ಮನೋವೈದ್ಯರೆಂದರೆ ಎಂಬಿಬಿಎಸ್ ಮುಗಿಸಿ, ಆಮೇಲೆ ಮನೋವೈದ್ಯಶಾಸ್ತ್ರ ಓದಿದವರು. ಔಷಧಿ ಚೀಟಿ ಬರೆಯಬಲ್ಲವರು. ಕ್ಲಿನಿಕಲ್ ಸೈಕಾಲಜಿಸ್ಟ್‌ಗಳು ಮನಶ್ಶಾಸ್ತ್ರದಲ್ಲಿ ಉನ್ನತ ಪದವಿ ಪಡೆದು, ಆಸ್ಪತ್ರೆಯಲ್ಲಿ ಹಿರಿಯರ ಮೇಲ್ವಿಚಾರಣೆಯಲ್ಲಿ ತರಬೇತಾಗಿ, ಪರೀಕ್ಷೆ ಮತ್ತು ಮಾತಿನ ಚಿಕಿತ್ಸೆ ನಡೆಸುವವರು, ನಮ್ಮಲ್ಲಿ ಅವರು ಮಾತ್ರೆ ಬರೆಯುವಂತಿಲ್ಲ. ಆಪ್ತಸಮಾಲೋಚಕರ ತರಬೇತಿ ಇನ್ನೂ ಬೇರೆ, ಅದರಲ್ಲಿ ವಾರಗಳ ಕೋರ್ಸೂ ಉಂಟು, ವರ್ಷಗಳ ಕೋರ್ಸೂ ಉಂಟು. ಮೆಕ್‌ಗ್ರಾ ಎರಡನೆಯ ಗುಂಪಿನವರು. ಎಂಬಿಬಿಎಸ್‌ಗೆ ಸಮನಾದ ವೈದ್ಯ ಪದವಿ ಅವರಿಗೆ ಇಲ್ಲ. ಅವರ ‘ಡಾ.’ ಪಿಎಚ್.ಡಿ.ಯದು. ನಮ್ಮಲ್ಲಿ ಹಳಗನ್ನಡ ಛಂದಸ್ಸಿನ ಮೇಲೆ ಪಿಎಚ್.ಡಿ. ಮಾಡಿದವರೂ ‘ಡಾ.’ ಹಾಕಿಕೊಳ್ಳುತ್ತಾರೆ, ಆದರೆ ಜ್ವರ ಬಂತೆಂದು ಯಾರೂ ಅವರ ಮನೆ ಬಾಗಿಲು ತಟ್ಟುವುದಿಲ್ಲ. ಮೆಕ್‌ಗ್ರಾ ಅವರದು ಮನಸ್ಸಿನ ವಿಷಯವಾದ್ದರಿಂದ ಜನ ತಟ್ಟಿದರು.

ಅವರು ಹುಟ್ಟಿದ್ದು 1950ರಲ್ಲಿ, ಓಕ್ಲಹೋಮಾದ ವಿನಿಟಾ ಎಂಬ ಸಣ್ಣ ಊರಿನಲ್ಲಿ. ಟೆಕ್ಸಾಸ್‌ನ ಮಿಡ್‌ವೆಸ್ಟರ್ನ್ ಸ್ಟೇಟ್‌ನಲ್ಲಿ 1975ರಲ್ಲಿ ಪದವಿ, ಈಗ ನಾರ್ತ್ ಟೆಕ್ಸಾಸ್ ವಿಶ್ವವಿದ್ಯಾಲಯ ಎನ್ನುವ ಕಡೆ 1976ರಲ್ಲಿ ಎಂ.ಎ., 1979ರಲ್ಲಿ ಕ್ಲಿನಿಕಲ್ ಸೈಕಾಲಜಿಯಲ್ಲಿ ಪಿಎಚ್.ಡಿ. ಪ್ರಬಂಧದ ವಿಷಯ ಸಂಧಿವಾತದ ರೋಗಿಗಳಿಗೆ ಮನಶ್ಶಾಸ್ತ್ರದಿಂದ ಕೊಡಬಹುದಾದ ನೆರವು. ಓದೆಲ್ಲ ಅಸಲಿಯೇ, ಅದರಲ್ಲಿ ಅನುಮಾನವಿಲ್ಲ. ತಂದೆಯೂ ಮನಶ್ಶಾಸ್ತ್ರಜ್ಞರು, ವಿಚಿಟಾ ಫಾಲ್ಸ್‌ನಲ್ಲಿ ಅವರ ಜೊತೆಯೇ ಪ್ರಾಕ್ಟೀಸ್ ಶುರುವಾಯಿತು. ಎಂಬತ್ತರ ದಶಕದಲ್ಲಿ ‘ಪಾತ್‌ವೇಸ್’ ಎಂಬ ವ್ಯಕ್ತಿತ್ವ ವಿಕಸನ ಶಿಬಿರಗಳಲ್ಲಿ ಪಾಲುದಾರರಾದರು. ನನ್ನ ಅಂದಾಜಿನಲ್ಲಿ ಅವರು ಟಿವಿಗೆ ಬೇಕಾದ ವಿದ್ಯೆಯ ಮೊದಲ ಪಾಠ ಕಲಿತದ್ದು ಕ್ಲಿನಿಕ್ಕಿನಲ್ಲಲ್ಲ, ಅಂಥ ಹಾಲ್‌ಗಳಲ್ಲಿ. ಒಬ್ಬನನ್ನು ಎದ್ದು ನಿಲ್ಲಿಸಿ ಗಟ್ಟಿಯಾಗಿ ಕೇಳಿದರೆ ಉಳಿದವರೆಲ್ಲ ತಮ್ಮ ಮನೆಯದೇ ಮಾತು ಎಂಬಂತೆ ಕಿವಿಗೊಡುತ್ತಾರೆ ಎನ್ನುವುದು ಅಲ್ಲಿಯ ಪಾಠ.

1989ರ ಜನವರಿಯಲ್ಲಿ ಟೆಕ್ಸಾಸ್‌ನ ಮನಶ್ಶಾಸ್ತ್ರಜ್ಞರ ಪರೀಕ್ಷಾ ಮಂಡಳಿ ಅವರಿಗೆ ಛೀಮಾರಿ ಹಾಕಿತು. ತಮ್ಮಲ್ಲಿ ಚಿಕಿತ್ಸೆ ಪಡೆದಿದ್ದ ಮಹಿಳೆಗೆ ತಮ್ಮ ಕಚೇರಿಯಲ್ಲೇ ತಾತ್ಕಾಲಿಕ ಕೆಲಸ ಕೊಟ್ಟದ್ದು ಅದಕ್ಕೆ ಕಾರಣ. ಒಂದು ವರ್ಷ ಮೇಲ್ವಿಚಾರಣೆಯಲ್ಲಿ ಪ್ರಾಕ್ಟೀಸ್ ಮಾಡಬೇಕು, ನೀತಿಸಂಹಿತೆಯ ತರಗತಿಗೆ ಹೋಗಬೇಕು ಎಂಬ ಆದೇಶವಾಯಿತು. ಕೆಲಸ ಕೊಟ್ಟರೆ ಏನು ತಪ್ಪು, ಉಪಕಾರವಲ್ಲವೇ ಎಂದು ನಮ್ಮಲ್ಲಿ ಅನೇಕರು ಕೇಳಬಹುದು. ಈ ವೃತ್ತಿಯಲ್ಲಿ ಅದನ್ನು ‘ಇಮ್ಮಡಿ ಸಂಬಂಧ’ ಎನ್ನುತ್ತಾರೆ. ನಿಮ್ಮೆದುರು ಕೂತು ಮನಸ್ಸು ಬಿಚ್ಚಿದವರಿಗೆ ನೀವೇ ಸಂಬಳ ಕೊಡುವ ಯಜಮಾನರಾದರೆ, ನಾಳೆ ‘ನಿಮ್ಮ ಸಲಹೆಯಿಂದ ನನಗೆ ಒಳ್ಳೆಯದಾಗಲಿಲ್ಲ’ ಎಂದು ಅವರು ಹೇಳಲಾರರು. ಚಿಕಿತ್ಸೆಯ ಬುನಾದಿಯೇ ಆ ಮಾತು ಹೇಳುವ ಸ್ವಾತಂತ್ರ್ಯ. ಮುಂದೆ ಅವರ ಕಾರ್ಯಕ್ರಮದ ವೇದಿಕೆಯ ಮೇಲೆ ಕೂತವರಿಗೂ ಆ ಸ್ವಾತಂತ್ರ್ಯ ಇರಲಿಲ್ಲ ಎನ್ನುವುದನ್ನು ಗಮನಿಸಿ.

1990ರ ಸುಮಾರಿಗೆ ಕ್ಲಿನಿಕ್ ಬಿಟ್ಟು ‘ಕೋರ್ಟ್‌ರೂಮ್ ಸೈನ್ಸಸ್’ ಎಂಬ ಸಂಸ್ಥೆ ಕಟ್ಟಿದರು. ಇಡೀ ವೃತ್ತಿಜೀವನದ ಕೀಲಿಕೈ ಇಲ್ಲಿದೆ, ಆದರೆ ನಮ್ಮ ಕಡೆ ಇದರ ಬಗ್ಗೆ ಯಾರೂ ಬರೆಯುವುದಿಲ್ಲ. ಭಾರತದಲ್ಲಿ ಜ್ಯೂರಿ ಪದ್ಧತಿ ಮಾಯವಾಗಿ ದಶಕಗಳೇ ಆದವು, ಹಾಗಾಗಿ ಈ ಕಸುಬು ನಮಗೆ ಅಪರಿಚಿತ. ಅಮೆರಿಕದಲ್ಲಿ ದೊಡ್ಡ ಕಂಪನಿಯ ಮೇಲೆ ದಾವೆ ಬಿದ್ದರೆ ತೀರ್ಪು ಕೊಡುವವರು ಅನೇಕ ಸಲ ಸಾಮಾನ್ಯ ಜನರ ತಂಡ. ಅವರ ಮನಸ್ಸು ಯಾವ ಕಡೆ ವಾಲುತ್ತದೆ ಎಂದು ಮೊದಲೇ ಅಂದಾಜು ಮಾಡಿಕೊಡುವುದು ‘ಟ್ರಯಲ್ ಕನ್ಸಲ್ಟೆಂಟ್’ ಕೆಲಸ. ಮೊದಲು ಅದೇ ಊರಿನಂಥ ಜನರನ್ನು ಕೂಲಿ ಕೊಟ್ಟು ಕರೆಸಿ, ಅಣಕು ಕೋರ್ಟು ನಡೆಸಿ, ಯಾವ ಮಾತಿಗೆ ಅವರ ಮುಖ ಅರಳಿತು, ಯಾವುದಕ್ಕೆ ಗಂಟಿಕ್ಕಿತು ಎಂದು ಬರೆದುಕೊಳ್ಳುತ್ತಾರೆ. ನಿಜವಾದ ವಿಚಾರಣೆ ಶುರುವಾದ ಮೇಲೆ, ನಿಜವಾದ ಜ್ಯೂರಿಯ ವಯಸ್ಸು, ಕಸುಬು, ಹಿನ್ನೆಲೆಗೆ ಹೊಂದುವ ‘ನೆರಳು ಜ್ಯೂರಿ’ಯನ್ನು ಕೋರ್ಟಿನ ಸಾರ್ವಜನಿಕ ಬೆಂಚುಗಳಲ್ಲಿ ಕೂರಿಸುತ್ತಾರೆ. ಸಂಜೆ ಅವರನ್ನು ಕೇಳಿ, ರಾತ್ರಿ ವಕೀಲರು ಮರುದಿನದ ವಾದ ತಿದ್ದಿಕೊಳ್ಳುತ್ತಾರೆ. ಸಾಕ್ಷಿಗಳಿಗೂ ತಾಲೀಮು: ಉತ್ತರ ಎಷ್ಟು ಉದ್ದ ಇರಬೇಕು, ಯಾರನ್ನು ನೋಡಿ ಹೇಳಬೇಕು, ಸಿಟ್ಟು ಬಂದಾಗ ಕೈ ಎಲ್ಲಿಡಬೇಕು. ಈ ಕಸುಬಿನ ಮೇಲೆಯೇ ಸಿಬಿಎಸ್ ವಾಹಿನಿ 2016ರಿಂದ 2022ರವರೆಗೆ ‘ಬುಲ್’ ಎಂಬ ಧಾರಾವಾಹಿ ನಡೆಸಿತು. ಅದರ ನಾಯಕ ಮೆಕ್‌ಗ್ರಾ ಅವರ ಆ ದಿನಗಳ ಪಡಿಯಚ್ಚು.

1996ರ ಏಪ್ರಿಲ್‌ನಲ್ಲಿ ಪ್ರಸಿದ್ಧ ಟಿವಿ ನಿರೂಪಕಿ ಓಪ್ರಾ ವಿನ್‌ಫ್ರೀ ಹುಚ್ಚು ಹಸು ರೋಗದ ಕುರಿತ ಕಾರ್ಯಕ್ರಮದಲ್ಲಿ, ಇನ್ನು ಬರ್ಗರ್ ತಿನ್ನುವ ಮನಸ್ಸೇ ಬಾರದು ಎಂಬರ್ಥದ ಮಾತಾಡಿದರು. ಟೆಕ್ಸಾಸ್‌ನ ದನದ ವ್ಯಾಪಾರಿಗಳು ತಮಗೆ ನಷ್ಟವಾಯಿತೆಂದು ದಾವೆ ಹೂಡಿದರು. ವಿಚಾರಣೆ 1998ರ ಆರಂಭದಲ್ಲಿ ಅಮರಿಲೊ ಪಟ್ಟಣದಲ್ಲಿ. ಊರಿಗೆ ಊರೇ ದನದ ವ್ಯಾಪಾರದ ಮೇಲೆ ಬದುಕುವ ಜಾಗ. ಓಪ್ರಾ ಪರ ವಕೀಲರು ಕರೆಸಿದ್ದು ಮೆಕ್‌ಗ್ರಾ ಅವರ ಸಂಸ್ಥೆಯನ್ನು. ಫೆಬ್ರುವರಿ 26ರಂದು ತೀರ್ಪು ಓಪ್ರಾ ಪರ ಬಂತು. ಅದೇ ವರ್ಷದ ಏಪ್ರಿಲ್‌ನಿಂದ ಅವರು ಓಪ್ರಾ ಕಾರ್ಯಕ್ರಮದ ಮಂಗಳವಾರದ ಅತಿಥಿ. 2002ರ ಸೆಪ್ಟೆಂಬರ್ 16ರಂದು ತಮ್ಮದೇ ಕಾರ್ಯಕ್ರಮ. ಅದು ನಿಂತದ್ದು 2023ರಲ್ಲಿ, 21 ಸೀಸನ್ ಆದ ಮೇಲೆ.

ಟಿವಿಯಲ್ಲಿ ಅವರೇ ಮೊದಲಿಗರಲ್ಲ, ಅದನ್ನೂ ಹೇಳಬೇಕು. ಕೊಲಂಬಿಯಾದಿಂದ ಪಿಎಚ್.ಡಿ. ಪಡೆದ ಜಾಯ್ಸ್ ಬ್ರದರ್ಸ್ 1955ರಲ್ಲಿ ಬಾಕ್ಸಿಂಗ್ ವಿಷಯದ ಪ್ರಶ್ನೆಗಳಿಗೆ ಉತ್ತರಿಸಿ 64,000 ಡಾಲರ್ ಗೆದ್ದು, 1958ರಿಂದಲೇ ಟಿವಿಯಲ್ಲಿ ಸಂಸಾರದ ಪ್ರಶ್ನೆಗಳಿಗೆ ಉತ್ತರ ಕೊಡುತ್ತಿದ್ದರು. ಅವರ ರೀತಿ ಪತ್ರ ಓದಿ ಸಲಹೆ ಹೇಳುವುದು. ಮೆಕ್‌ಗ್ರಾ ತಂದದ್ದು ಬೇರೆ: ಪತ್ರ ಬರೆದವರನ್ನೇ ವೇದಿಕೆಗೆ ತಂದು, ಅವರ ಎದುರಾಳಿಯನ್ನೂ ಪಕ್ಕದ ಕುರ್ಚಿಯಲ್ಲಿ ಕೂರಿಸಿದರು.

ಒಂದು ಸಂಚಿಕೆ ಹೇಗೆ ಕಟ್ಟುತ್ತಿದ್ದರು ಎಂದು ಬಿಡಿಸಿ ನೋಡಿದರೆ ಕೋರ್ಟಿನ ಕಸುಬು ಎದ್ದು ಕಾಣುತ್ತದೆ. ಅತಿಥಿಗಳಾಗಲು ಜನರೇ ಅರ್ಜಿ ಹಾಕುತ್ತಿದ್ದರು. ಆಮೇಲೆ ನಿರ್ಮಾಪಕರ ತಂಡದ ಫೋನು. ಒಂದೊಂದು ಮನೆಯ ಎರಡೂ ಕಡೆಯವರೊಂದಿಗೆ ಬೇರೆ ಬೇರೆಯಾಗಿ. ಮನೆಗೆ ಕ್ಯಾಮೆರಾ ಹೋಗಿ ಅಡುಗೆಮನೆಯಲ್ಲಿನ ಜಗಳ, ಬಾಗಿಲು ಧಡಾರನೆ ಬಡಿದದ್ದು, ಮಗಳ ಕೂಗಾಟ ಎಲ್ಲ ಸೆರೆಹಿಡಿದು ಒಂದೆರಡು ನಿಮಿಷದ ತುಣುಕು ಮಾಡುತ್ತಿತ್ತು. ಹಾಲಿವುಡ್‌ನ ಪ್ಯಾರಾಮೌಂಟ್ ಅಂಗಳದ 29ನೇ ಸ್ಟೇಜಿನಲ್ಲಿ ಚಿತ್ರೀಕರಣ. ಮೊದಲು ಆ ತುಣುಕು ತೋರಿಸುವುದು, ಅಂದರೆ ಸಾಕ್ಷ್ಯ. ಆಮೇಲೆ ದೂರುದಾರರ ಹೇಳಿಕೆ. ಆಮೇಲೆ ಎದುರಾಳಿಯ ಪ್ರವೇಶ, ಪಾಟೀಸವಾಲು. ‘ಹೀಗೆ ಮಾಡ್ತಾ ಬಂದಿದೀಯಲ್ಲ, ಇದರಿಂದ ಏನು ಉಪಯೋಗ ಆಯ್ತು?’ ಎಂಬಂಥ ಅವರ ಪ್ರಸಿದ್ಧ ಪ್ರಶ್ನೆಗೆ ಉತ್ತರವೇ ಇಲ್ಲ. ಅದು ಉತ್ತರಕ್ಕಾಗಿ ಕೇಳಿದ್ದೂ ಅಲ್ಲ. ಸಭಿಕರು ಚಪ್ಪಾಳೆ ತಟ್ಟುತ್ತಾರೆ, ಅವರೇ ಜ್ಯೂರಿ. ತೀರ್ಪು. ಕೊನೆಗೆ ‘ಇಂಥ ಚಿಕಿತ್ಸಾ ಕೇಂದ್ರಕ್ಕೆ ಕಳಿಸುತ್ತೇನೆ, ಒಪ್ಪುತ್ತೀಯಾ?’ ಎಂಬ ಕೊಡುಗೆ. ಜಾಹೀರಾತು ಕಳೆದರೆ ಮುಕ್ಕಾಲು ಗಂಟೆಗೂ ಕಡಿಮೆ ಸಮಯದಲ್ಲಿ ಇಷ್ಟೆಲ್ಲ ಮುಗಿದು, ನಿರೂಪಕರು ಹೆಂಡತಿಯ ಕೈಹಿಡಿದು ವೇದಿಕೆ ಇಳಿಯುತ್ತಾರೆ.

ಇದನ್ನು ಆಸ್ಪತ್ರೆಯ ಮೊದಲ ಭೇಟಿಯ ಪಕ್ಕದಲ್ಲಿಟ್ಟು ನೋಡಿ. ನಿಮ್ಹಾನ್ಸ್‌ನಂಥ ಕಡೆ ಹೊಸ ರೋಗಿಯ ವಿವರ ತೆಗೆದುಕೊಳ್ಳುವುದಕ್ಕೇ ಒಂದು ಗಂಟೆಯೋ ಹೆಚ್ಚೋ ಹಿಡಿಯುತ್ತದೆ. ತೊಂದರೆ ಏನೆಂದು ರೋಗಿಯ ಮಾತಿನಲ್ಲೇ ಬರೆಯಬೇಕು, ತಿದ್ದಬಾರದು. ಯಾವಾಗ ಶುರುವಾಯಿತು, ಏರಿತೋ ಇಳಿಯಿತೋ, ನಿದ್ದೆ, ಊಟ, ಕುಡಿತ, ಹಿಂದಿನ ಕಾಯಿಲೆ, ಮೂರು ತಲೆಮಾರಿನ ಕುಟುಂಬದ ನಕ್ಷೆ, ಶಾಲೆ, ಕೆಲಸ, ಮದುವೆ, ಕಾಯಿಲೆಗೆ ಮುಂಚೆ ಸ್ವಭಾವ ಹೇಗಿತ್ತು. ಜೊತೆಗೆ ಬಂದ ಮನೆಯವರನ್ನು ಬೇರೆ ಕೇಳಬೇಕು, ರೋಗಿಯನ್ನು ಒಂಟಿಯಾಗಿ ಕೇಳಬೇಕು. ಈ ಕೊನೆಯ ನಿಯಮವೇ ಎಲ್ಲಕ್ಕಿಂತ ಮುಖ್ಯ. ಅತ್ತೆಯೆದುರು ಸೊಸೆ ನಿಜ ಹೇಳುವುದಿಲ್ಲ, ಅಪ್ಪನೆದುರು ಮಗ ಹೇಳುವುದಿಲ್ಲ. ಟಿವಿ ವೇದಿಕೆಗೆ ಬೇಕಾದದ್ದು ನೇರ ತದ್ವಿರುದ್ಧ. ಇಬ್ಬರೂ ಒಟ್ಟಿಗೇ ಇರಬೇಕು, ಇಲ್ಲದಿದ್ದರೆ ಮುಖಾಮುಖಿ ಎಲ್ಲಿ ಬರುತ್ತದೆ?

ಸುಳ್ಳು ಪತ್ತೆ ಯಂತ್ರವನ್ನೂ ಅವರು ಮತ್ತೆ ಮತ್ತೆ ಬಳಸಿದರು. ಗಂಡ ಮೋಸ ಮಾಡಿದನೇ, ಮಗ ಕದ್ದನೇ ಎಂಬುದಕ್ಕೆ ಪಾಲಿಗ್ರಾಫ್ ಫಲಿತಾಂಶವನ್ನು ಲಕೋಟೆಯಿಂದ ತೆಗೆದಂತೆ ಓದುವುದು. ಆ ಯಂತ್ರ ಅಳೆಯುವುದು ಉಸಿರಾಟ, ರಕ್ತದೊತ್ತಡ, ನಾಡಿ ಮತ್ತು ಬೆರಳ ತುದಿಯ ಬೆವರು ಮಾತ್ರ. ಸುಳ್ಳಿಗೆ ಅಂತಲೇ ಪ್ರತ್ಯೇಕ ಬೆವರಿಲ್ಲ. ಹೆದರಿದ ನಿರಪರಾಧಿಗೂ ಬೆವರು ಬರುತ್ತದೆ, ಪಳಗಿದ ಸುಳ್ಳುಗಾರನಿಗೆ ಬರದೆಯೂ ಇರಬಹುದು. ಈ ವಿಷಯದಲ್ಲಿ ನಮ್ಮ ದೇಶದ ದಾರಿದೀಪ ಕರ್ನಾಟಕದ ಪ್ರಕರಣವೇ: ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’ದಲ್ಲಿ 2010ರ ಮೇ 5ರಂದು ಸುಪ್ರೀಂ ಕೋರ್ಟ್, ಒಪ್ಪಿಗೆಯಿಲ್ಲದೆ ಯಾರಿಗೂ ಪಾಲಿಗ್ರಾಫ್, ಮಂಪರು ಪರೀಕ್ಷೆ, ಬ್ರೇನ್ ಮ್ಯಾಪಿಂಗ್ ಮಾಡುವಂತಿಲ್ಲ, ಒಪ್ಪಿ ಮಾಡಿಸಿಕೊಂಡರೂ ಫಲಿತಾಂಶವನ್ನೇ ಸಾಕ್ಷ್ಯವೆಂದು ಸ್ವೀಕರಿಸಲಾಗದು ಎಂದಿತು. ಕೋರ್ಟು ಒಲ್ಲೆ ಎಂದದ್ದನ್ನು ಮನರಂಜನೆ ತಲೆಯ ಮೇಲೆ ಹೊತ್ತು ಮೆರೆಸುತ್ತದೆ.

ನಿಜವಾಗಿ ಜೀವಕ್ಕೆ ಕುತ್ತು ಬರುವುದು ಕುಡಿತದ ಸಂಚಿಕೆಗಳಲ್ಲಿ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಮ್ಮ ಮನೆಗಳಲ್ಲೂ ‘ನಾಲ್ಕು ದಿನ ಕೋಣೆಯಲ್ಲಿ ಕೂಡಿ ಹಾಕಿದರೆ ಬಿಡುತ್ತಾನೆ’ ಎನ್ನುವವರು ಇದ್ದಾರೆ. ವರ್ಷಗಟ್ಟಲೆ ದಿನವೂ ಕುಡಿದ ದೇಹದಿಂದ ಒಮ್ಮೆಲೇ ಮದ್ಯ ಕಿತ್ತುಕೊಂಡರೆ ಕೊನೆಯ ಗುಟುಕಿನ ಆರೆಂಟು ಗಂಟೆಗೆ ಕೈ ನಡುಕ, ಬೆವರು, ವಾಕರಿಕೆ. 6ರಿಂದ 48 ಗಂಟೆಯ ಒಳಗೆ ಫಿಟ್ಸ್ ಬರಬಹುದು. ಇಲ್ಲದವರು ಕಾಣುವುದು, ದನಿ ಕೇಳುವುದು ಒಂದು ದಿನದೊಳಗೇ ಶುರುವಾಗಬಹುದು. 48ರಿಂದ 96 ಗಂಟೆಯ ಹೊತ್ತಿಗೆ ಕೆಲವರಿಗೆ ‘ಡೆಲಿರಿಯಮ್ ಟ್ರೆಮೆನ್ಸ್’: ಜ್ವರ, ಎದೆಬಡಿತ, ದಿಕ್ಕುದೆಸೆ ತಿಳಿಯದ ಸ್ಥಿತಿ, ಚಿಕಿತ್ಸೆ ಸಿಗದಿದ್ದರೆ ಸಾವು. ಅದಕ್ಕೇ ಆಸ್ಪತ್ರೆಯಲ್ಲಿ ಕ್ಲೋರ್‌ಡಯಜೆಪಾಕ್ಸೈಡ್ ಅಥವಾ ಲೊರಾಜೆಪಾಮ್‌ನಂಥ ಔಷಧಿಯನ್ನು ಮೊದಲು ಹೆಚ್ಚು ಕೊಟ್ಟು, ದಿನೇ ದಿನೇ ಇಳಿಸುತ್ತಾರೆ. ಗ್ಲೂಕೋಸ್ ಡ್ರಿಪ್ ಏರಿಸುವ ಮೊದಲು ಥಯಾಮಿನ್ (ಬಿ1 ಜೀವಸತ್ವ) ಚುಚ್ಚುತ್ತಾರೆ, ಇಲ್ಲದಿದ್ದರೆ ಮಿದುಳಿಗೇ ಪೆಟ್ಟು. ಈಗ ಯೋಚಿಸಿ: ಇಂಥ ವ್ಯಕ್ತಿಯನ್ನು ಬೇರೆ ರಾಜ್ಯದಿಂದ ವಿಮಾನದಲ್ಲಿ ಲಾಸ್ ಏಂಜಲೀಸ್‌ಗೆ ಕರೆಸಿ ಹೋಟೆಲಿನಲ್ಲಿ ಇರಿಸಿದ್ದಾರೆ, ಚಿತ್ರೀಕರಣ ನಾಳೆಯೋ ನಾಡಿದ್ದೋ. ಅಪಾಯದ ಗಂಟೆಗಳೆಲ್ಲ ಆ ಹೋಟೆಲ್ ಕೋಣೆಯಲ್ಲೇ ಕಳೆಯುತ್ತವೆ. ಕುಡಿಯದಿದ್ದರೆ ಫಿಟ್ಸ್, ಕುಡಿದರೆ ಕ್ಯಾಮೆರಾ ಮುಂದೆ ತೂರಾಟ; ತೂರಾಟಕ್ಕೆ ಪ್ರೇಕ್ಷಕರು ಜಾಸ್ತಿ.

2017ರ ಡಿಸೆಂಬರ್‌ನಲ್ಲಿ ‘ಸ್ಟಾಟ್’ ಎಂಬ ಆರೋಗ್ಯ ಸುದ್ದಿತಾಣ ಮತ್ತು ‘ಬಾಸ್ಟನ್ ಗ್ಲೋಬ್’ ಪತ್ರಿಕೆ ಪ್ರಕಟಿಸಿದ ತನಿಖಾ ವರದಿಯ ಹೂರಣ ಇದೇ. ‘ಸರ್ವೈವರ್’ ರಿಯಾಲಿಟಿ ಶೋ ಗೆದ್ದಿದ್ದ ಟಾಡ್ ಹರ್ಜಾಗ್, 2013ರಲ್ಲಿ ತಾವು ಕುಡಿಯದೆ ಸ್ಟುಡಿಯೊಗೆ ಬಂದಿದ್ದಾಗಿಯೂ, ಡ್ರೆಸ್ಸಿಂಗ್ ರೂಮಿನಲ್ಲಿ ವೋಡ್ಕಾ ಬಾಟಲಿ ಇದ್ದುದಾಗಿಯೂ, ಮನಸ್ಸು ಶಾಂತವಾಗಲೆಂದು ಯಾರೋ ‘ಜ್ಯಾನಾಕ್ಸ್’ ಮಾತ್ರೆ ಕೊಟ್ಟದ್ದಾಗಿಯೂ ಹೇಳಿದರು. ಕಾರ್ಯಕ್ರಮದವರು ಇದನ್ನು ಸಾರಾಸಗಟಾಗಿ ಅಲ್ಲಗಳೆದರು. ಯಾರ ಮಾತು ನಿಜವೆಂದು ಇಲ್ಲಿ ಕೂತು ತೀರ್ಮಾನಿಸಲು ಆಗದು. ಆದರೆ ಮದ್ಯದ ಮೇಲೆ ಆ ಗುಂಪಿನ ಮಾತ್ರೆ ಬಿದ್ದರೆ ಎರಡೂ ಸೇರಿ ಉಸಿರಾಟವನ್ನೇ ಕುಗ್ಗಿಸುತ್ತವೆ ಎನ್ನುವುದು ಮೊದಲ ವರ್ಷದ ವೈದ್ಯ ವಿದ್ಯಾರ್ಥಿಗೂ ಗೊತ್ತಿರಬೇಕಾದ ಸಂಗತಿ. ಅಂಥ ದೂರು ಹುಟ್ಟಲು ಅವಕಾಶವಿರುವ ವ್ಯವಸ್ಥೆಯೇ ತಪ್ಪು.

ಇಷ್ಟಾದರೂ ಲೈಸೆನ್ಸ್ ಮಂಡಳಿ ಏನು ಮಾಡುತ್ತಿತ್ತು ಎಂಬ ಪ್ರಶ್ನೆ ಸಹಜ. ಅಮೆರಿಕದಲ್ಲಿ ಪರವಾನಗಿ ಕೊಡುವುದು ರಾಜ್ಯ. ಅವರದು ಟೆಕ್ಸಾಸ್ ಪರವಾನಗಿ, ಚಿತ್ರೀಕರಣ ಕ್ಯಾಲಿಫೋರ್ನಿಯಾದಲ್ಲಿ. ಕಾರ್ಯಕ್ರಮ ಶುರುವಾಗುವ ಹೊತ್ತಿಗೆ ಕ್ಯಾಲಿಫೋರ್ನಿಯಾ ಮಂಡಳಿ, ಇದು ಮನರಂಜನೆ, ಮನಶ್ಶಾಸ್ತ್ರದ ಪ್ರಾಕ್ಟೀಸ್ ಅಲ್ಲ, ಹಾಗಾಗಿ ಲೈಸೆನ್ಸ್ ಬೇಕಿಲ್ಲ ಎಂಬ ನಿಲುವು ತಳೆಯಿತು. 2006ರಲ್ಲಿ ಟೆಕ್ಸಾಸ್ ಪರವಾನಗಿಯನ್ನೂ ಅವರು ನವೀಕರಿಸಲಿಲ್ಲ. ಅಲ್ಲಿಂದಾಚೆಗೆ ಹದಿನೇಳು ವರ್ಷ ಟಿವಿಯಲ್ಲಿ ಕಂಡದ್ದು ಲೈಸೆನ್ಸ್ ಇಲ್ಲದ ಮನಶ್ಶಾಸ್ತ್ರಜ್ಞರನ್ನು. ಕಾನೂನಿನ ಪ್ರಕಾರ ಇದರಲ್ಲಿ ತಪ್ಪಿಲ್ಲ. ಲೈಸೆನ್ಸ್ ಇದ್ದಿದ್ದರೆ ಗೋಪ್ಯತೆ, ದಾಖಲೆ, ಮುಂದಿನ ಚಿಕಿತ್ಸೆಯ ಹೊಣೆ ಎಲ್ಲವೂ ಕುತ್ತಿಗೆಗೆ ಬರುತ್ತಿತ್ತು. ಮನರಂಜನೆ ಎಂದದ್ದರಿಂದ ಹೊಣೆ ಕಳಚಿತು. ಆದರೆ ಪರದೆಯ ಮೇಲೆ ‘ಮನರಂಜಕ ಫಿಲ್’ ಎಂದು ಬರಲಿಲ್ಲ, ‘ಡಾ. ಫಿಲ್’ ಎಂದೇ ಬಂತು. ಈ ಎರಡು ದೋಣಿಯ ಪಯಣವೇ ಅವರ ವೃತ್ತಿಯ ಜಾಣತನ ಎಂದು ನನ್ನ ಅಭಿಪ್ರಾಯ.

ಅದು ಒಂದು ಸಲ ಮಾತ್ರ ಎಡವಿತು. 2008ರ ಜನವರಿಯಲ್ಲಿ ಗಾಯಕಿ ಬ್ರಿಟ್ನಿ ಸ್ಪಿಯರ್ಸ್ ಆಸ್ಪತ್ರೆ ಸೇರಿದ್ದಾಗ ಕುಟುಂಬದವರ ಕರೆಯ ಮೇರೆಗೆ ಅಲ್ಲಿಗೆ ಹೋದರು. ಹೊರಬಂದ ಮೇಲೆ, ಆಕೆಗೆ ವೈದ್ಯಕೀಯ ಮತ್ತು ಮಾನಸಿಕ ನೆರವು ತುರ್ತಾಗಿ ಬೇಕು ಎಂಬ ಹೇಳಿಕೆ ಮಾಧ್ಯಮಕ್ಕೆ ಹೋಯಿತು. ಅದರ ಮೇಲೊಂದು ಸಂಚಿಕೆಯ ತಯಾರಿಯೂ ನಡೆದು, ಕೊನೆಗೆ ಕೈಬಿಡಲಾಯಿತು. ಇದು ನಂಬಿಕೆದ್ರೋಹ ಎಂದು ಕುಟುಂಬದ ಪರ ವಕ್ತಾರರು ಟಿವಿಯಲ್ಲೇ ಹೇಳಿದರು. ಸ್ಟುಡಿಯೊದಲ್ಲಾದರೆ ಸಹಿ ಹಾಕಿದ ಒಪ್ಪಿಗೆ ಪತ್ರ ಇರುತ್ತಿತ್ತು. ಆಸ್ಪತ್ರೆಯ ಕೋಣೆಯಲ್ಲಿ ಅದಿರಲಿಲ್ಲ.

ಒಪ್ಪಿಗೆ ಪತ್ರವಾದರೂ ಏನು? 2016ರ ನವೆಂಬರ್‌ನಲ್ಲಿ ನಟಿ ಶೆಲಿ ಡುವಾಲ್ ಅವರ ಸಂದರ್ಶನ ಪ್ರಸಾರವಾಯಿತು. ಆಕೆಯ ಮಾತಿನ ಜಾಡು ತಪ್ಪುತ್ತಿದ್ದುದು, ಸತ್ತ ಸಹನಟ ಬದುಕಿದ್ದಾನೆ ಎನ್ನುತ್ತಿದ್ದುದು ನೋಡಿದವರಿಗೆಲ್ಲ ಕಾಣುತ್ತಿತ್ತು. ಆ ಸ್ಥಿತಿಯಲ್ಲಿರುವವರು ಹಾಕಿದ ಸಹಿಗೆ ಬೆಲೆ ಎಷ್ಟು? ನಮ್ಮ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 4ನೇ ಸೆಕ್ಷನ್ ಚಿಕಿತ್ಸೆಯ ತೀರ್ಮಾನಕ್ಕೆ ಸಂಬಂಧಿಸಿ ಕೊಟ್ಟಿರುವ ಅಳತೆಗೋಲು ಸರಳ: ವಿಷಯ ಅರ್ಥವಾಗುತ್ತದೆಯೇ, ಅದರ ಪರಿಣಾಮ ತಿಳಿಯುತ್ತದೆಯೇ, ತನ್ನ ತೀರ್ಮಾನವನ್ನು ಮಾತಿನಿಂದಲೋ ಸನ್ನೆಯಿಂದಲೋ ಹೇಳಬಲ್ಲರೇ ಎಂಬುದು. ಒಂದು ಮಾತ್ರೆಗೆ ಇಷ್ಟು ಬೇಕಾದರೆ, ಲಕ್ಷಾಂತರ ಜನ ನೋಡುವ, ಅಳಿಸಲಾಗದ ವಿಡಿಯೊಗೆ ಇದಕ್ಕಿಂತ ಕಡಿಮೆ ಹೇಗೆ ಸಾಕಾಗುತ್ತದೆ? ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುವ ಗಾದೆ ಕ್ಯಾಮೆರಾ ಇಲ್ಲದ ಕಾಲದ್ದು.

2016ರ ಸೆಪ್ಟೆಂಬರ್‌ನಲ್ಲಿ 13 ವರ್ಷದ ಡೇನಿಯೆಲ್ ಬ್ರೆಗೊಲಿಯನ್ನು ತಾಯಿ ವೇದಿಕೆಗೆ ಕರೆತಂದರು. ಹುಡುಗಿ ಸಭಿಕರಿಗೆ ಹಾಕಿದ ಒಂದು ಸವಾಲು ಮೀಮ್ ಆಗಿ ಜಗತ್ತು ಸುತ್ತಿತು. ಆಕೆ ಮುಂದೆ ರ‍್ಯಾಪರ್ ಆಗಿ ಹಣ ಮಾಡಿದ್ದು ಬೇರೆ ಮಾತು. ಕಾರ್ಯಕ್ರಮದ ಕಡೆಯಿಂದ ಆಕೆಯನ್ನು ಕಳಿಸಿದ್ದು ಯೂಟಾದ ‘ಟರ್ನ್-ಅಬೌಟ್ ರ‍್ಯಾಂಚ್’ ಎಂಬ ಹದಿಹರೆಯದವರ ವಸತಿ ಚಿಕಿತ್ಸಾ ಕೇಂದ್ರಕ್ಕೆ. 2021ರಲ್ಲಿ ಆಕೆ, ಅಲ್ಲಿ ಮಕ್ಕಳನ್ನು ಕಟುವಾಗಿ ನಡೆಸಿಕೊಂಡರು ಎಂದು ವಿಡಿಯೊ ಹಾಕಿದಳು. ಕಾರ್ಯಕ್ರಮ ಕಳಿಸಿಕೊಟ್ಟಿದ್ದ ಇನ್ನೊಬ್ಬ ಹುಡುಗಿ ಆ ಕೇಂದ್ರದ ಮೇಲೆ ದಾವೆಯನ್ನೇ ಹೂಡಿದಳು. ನಮ್ಮಲ್ಲಿ 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ, ಕಾನೂನಿನೊಂದಿಗೆ ಸಂಘರ್ಷಕ್ಕೆ ಒಳಗಾದ ಅಥವಾ ಆರೈಕೆ, ರಕ್ಷಣೆ ಬೇಕಾದ ಮಗುವಿನ ಹೆಸರು, ಶಾಲೆ, ವಿಳಾಸ, ಚಿತ್ರ ಯಾವುದನ್ನೂ ಮಾಧ್ಯಮ ಹೊರಹಾಕುವಂತಿಲ್ಲ. ‘ಅಮ್ಮನೇ ಒಪ್ಪಿದ್ದಾರೆ’ ಎಂಬ ವಾದ ಅಲ್ಲಿ ನಡೆಯುವುದಿಲ್ಲ.

ವ್ಯಾಪಾರದ ಕಡೆಯೂ ಒಂದು ಪ್ರಸಂಗ ಇದೆ. 2003ರಲ್ಲಿ ತೂಕ ಇಳಿಸುವ ಪುಸ್ತಕದ ಬೆನ್ನಿಗೇ ‘ಶೇಪ್ ಅಪ್’ ಹೆಸರಿನ ಬಾರ್, ಶೇಕ್, ಮಾತ್ರೆಗಳು ಅವರ ಚಿತ್ರ ಹೊತ್ತು ಅಂಗಡಿಗೆ ಬಂದವು. ಸೇಬಿನ ಆಕಾರದ ಮೈಗೆ ಒಂದು ಮಾತ್ರೆ, ಪೇರಳೆ ಆಕಾರದ ಮೈಗೆ ಇನ್ನೊಂದು! ಅಮೆರಿಕದ ವ್ಯಾಪಾರ ಆಯೋಗ ವಿಚಾರಣೆಗಿಳಿಯಿತು, 2004ರಲ್ಲಿ ಸರಕು ನಿಂತಿತು, ಗ್ರಾಹಕರ ಸಾಮೂಹಿಕ ದಾವೆ 2006ರಲ್ಲಿ 1.05 ಕೋಟಿ ಡಾಲರ್‌ಗೆ ರಾಜಿಯಾಯಿತು. ಪುಸ್ತಕದಲ್ಲಿ ಹೇಳಿದ್ದು ಅಭ್ಯಾಸ ಬದಲಿಸಿಕೊಳ್ಳಿ ಎಂದು, ಅಂಗಡಿಯಲ್ಲಿ ಮಾರಿದ್ದು ಪೊಟ್ಟಣ.

2020ರ ಏಪ್ರಿಲ್ 16ರಂದು ಫಾಕ್ಸ್ ನ್ಯೂಸ್‌ನಲ್ಲಿ ಲಾಕ್‌ಡೌನ್ ಟೀಕಿಸುತ್ತ, ಈಜುಕೊಳದಲ್ಲಿ ವರ್ಷಕ್ಕೆ 3,60,000 ಜನ ಸಾಯುತ್ತಾರೆ, ಅದಕ್ಕೆಂದು ದೇಶ ಮುಚ್ಚುತ್ತೇವೆಯೇ ಎಂದರು. ಆ ಸಂಖ್ಯೆ ಸುಮಾರು ನೂರು ಪಟ್ಟು ಹೆಚ್ಚು. ಹೋಲಿಕೆ ಸರಿಯಿರಲಿಲ್ಲವೆಂದು ಮರುದಿನ ಒಪ್ಪಿಕೊಂಡರು. ಸಾಂಕ್ರಾಮಿಕ ರೋಗ ಅವರ ಓದಿನ ವಿಷಯವೇ ಅಲ್ಲ. ಆ ರಾತ್ರಿ ಅವರನ್ನು ಕೂರಿಸಿದ್ದೂ ಹೆಸರಿನ ಮುಂದಿನ ಅದೇ ‘ಡಾ.’. ಆಮೇಲಿನ ದಾರಿ ರಾಜಕೀಯದ ಕಡೆಗೆ: 2024ರ ಏಪ್ರಿಲ್‌ನಲ್ಲಿ ‘ಮೆರಿಟ್ ಸ್ಟ್ರೀಟ್’ ಎಂಬ ಸ್ವಂತ ವಾಹಿನಿ, ಅಕ್ಟೋಬರ್‌ನಲ್ಲಿ ಟ್ರಂಪ್ ಅವರ ನ್ಯೂಯಾರ್ಕ್ ಸಭೆಯ ವೇದಿಕೆ, 2025ರ ಜನವರಿಯಲ್ಲಿ ಷಿಕಾಗೊದ ವಲಸಿಗರ ಮೇಲಿನ ದಾಳಿಯ ಜೊತೆ ಕ್ಯಾಮೆರಾ, ಅದೇ ಜುಲೈನಲ್ಲಿ ವಾಹಿನಿಯ ದಿವಾಳಿ ಅರ್ಜಿ.

ಇಷ್ಟು ಬರೆದದ್ದು ಒಬ್ಬರನ್ನು ಬೈಯುವುದಕ್ಕಲ್ಲ. ಮನೆಯೊಳಗಿನ ಹೊಡೆತ, ಮಕ್ಕಳ ಚಟ, ಖಿನ್ನತೆ ಇವೆಲ್ಲ ಮಧ್ಯಾಹ್ನದ ಟಿವಿಯಲ್ಲಿ ಮಾತಾಡಬಹುದಾದ ವಿಷಯ ಎಂದು ಮಾಡಿದವರಲ್ಲಿ ಅವರೂ ಒಬ್ಬರು, ಅದರ ಪುಣ್ಯ ಅವರಿಗಿರಲಿ. ಚಿಂತೆ ನಮ್ಮ ಕಡೆಯದು. ಮನೆಜಗಳವನ್ನು ಸ್ಟುಡಿಯೊಗೆ ತಂದು ಅರಳಿಕಟ್ಟೆ ಪಂಚಾಯ್ತಿ ಮಾಡುವ ಕಾರ್ಯಕ್ರಮಗಳು ಕನ್ನಡದಲ್ಲೂ ಬಂದುಹೋಗಿವೆ. ನ್ಯೂಸ್ ಚಾನೆಲ್‌ಗಳ ಚರ್ಚೆಗೆ ‘ಮನಶ್ಶಾಸ್ತ್ರಜ್ಞ’ರು ಬಂದು, ಒಮ್ಮೆಯೂ ಮುಖತಃ ನೋಡದ ಆರೋಪಿಗೆ, ನಟನಿಗೆ ರೋಗದ ಹೆಸರು ಕೊಡುತ್ತಾರೆ. ಕ್ಯಾಲಿಫೋರ್ನಿಯಾದ ಕಿಂಡಿ ನಮ್ಮಲ್ಲೂ ಇದೆ. ಮಾನಸಿಕ ಆರೋಗ್ಯ ಕಾಯ್ದೆಯ 24ನೇ ಸೆಕ್ಷನ್ ರೋಗಿಯ ಒಪ್ಪಿಗೆಯಿಲ್ಲದೆ ಚಿತ್ರ, ಮಾಹಿತಿ ಮಾಧ್ಯಮಕ್ಕೆ ಕೊಡಬಾರದು ಎನ್ನುತ್ತದೆ, ಸರಿ. ಆದರೆ ಅದರ ಮಾತು ಚಿಕಿತ್ಸಾಲಯದಲ್ಲಿ ಚಿಕಿತ್ಸೆ ಪಡೆಯುತ್ತಿರುವವರ ಬಗ್ಗೆ. ಸ್ಟುಡಿಯೊ ಚಿಕಿತ್ಸಾಲಯವಲ್ಲವಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಪ್ರಾಕ್ಟೀಸ್ ಮಾಡಲು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಕಡ್ಡಾಯ. 1992ರ ಆ ಕಾಯ್ದೆಯಲ್ಲಿ ನೋಂದಣಿಯಿಲ್ಲದೆ ನಡೆಸಿದರೆ ಒಂದು ವರ್ಷದವರೆಗೆ ಜೈಲು ಅಥವಾ ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ಸಾವಿರ ರೂಪಾಯಿ! ಬರೀ ‘ಸೈಕಾಲಜಿಸ್ಟ್’, ‘ಕೌನ್ಸೆಲರ್’, ‘ಲೈಫ್ ಕೋಚ್’ ಎಂದು ಬೋರ್ಡ್ ಹಾಕುವವರನ್ನು ಅದು ಮುಟ್ಟುವುದಿಲ್ಲ. 2021ರ ಅಲೈಡ್ ಆರೋಗ್ಯ ವೃತ್ತಿಗಳ ಕಾಯ್ದೆ ಉಳಿದ ಸೈಕಾಲಜಿಸ್ಟ್‌ಗಳನ್ನೂ ಪಟ್ಟಿಗೆ ಸೇರಿಸಿದೆ.

ಮಾಧ್ಯಮದಲ್ಲಿ ಮನಸ್ಸಿನ ವಿಷಯ ಹೇಳಲು ನಮ್ಮಲ್ಲಿ ಬೇರೆ ಮಾದರಿಯೇ ಇದೆ. ನಿಮ್ಹಾನ್ಸ್‌ನ ಮನೋವೈದ್ಯರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅವರಂಥವರು ದಶಕಗಟ್ಟಲೆ ಕನ್ನಡದಲ್ಲಿ ಬರೆದದ್ದು, ಮಾತಾಡಿದ್ದು ರೋಗಿಯನ್ನು ವೇದಿಕೆಗೆ ಎಳೆಯದೆ. ನಮ್ಮ ಪತ್ರಿಕೆಗಳ ಪ್ರಶ್ನೋತ್ತರ ಅಂಕಣಗಳಲ್ಲೂ ಪ್ರಶ್ನೆಯ ಕೆಳಗೆ ‘ಹೆಸರು, ಊರು ಬೇಡ’ ಎಂದಷ್ಟೇ ಇರುತ್ತದೆ. ಒಂದು ಪ್ರಶ್ನೆ ಓದಿ ಸಾವಿರ ಮನೆಯವರು ಸದ್ದಿಲ್ಲದೆ ತಮಗೆ ಬೇಕಾದ್ದನ್ನು ಎತ್ತಿಕೊಳ್ಳುತ್ತಾರೆ. ಟಿಆರ್‌ಪಿ ಬರುವುದಿಲ್ಲ, ಅಷ್ಟೇ.

ತಮ್ಮಲ್ಲಿ ಎರಡು ವಿನಂತಿ. ಸುದ್ದಿಮನೆಯಲ್ಲಿ ‘ಮನೋವೈದ್ಯ’ ಎಂದು ಬರೆಯುವ ಮೊದಲು ವೈದ್ಯಕೀಯ ಪರಿಷತ್ತಿನ ನೋಂದಣಿಯನ್ನೂ, ‘ಕ್ಲಿನಿಕಲ್ ಸೈಕಾಲಜಿಸ್ಟ್’ ಎನ್ನುವ ಮೊದಲು ಪುನರ್ವಸತಿ ಪರಿಷತ್ತಿನ ಕೇಂದ್ರ ಪುನರ್ವಸತಿ ರಿಜಿಸ್ಟರಿನ ಸಂಖ್ಯೆಯನ್ನೂ ಕೇಳಿ ಪಡೆಯಿರಿ. ಎರಡನ್ನೂ ಅಂತರ್ಜಾಲದಲ್ಲಿ ಐದು ನಿಮಿಷದಲ್ಲಿ ತಾಳೆ ನೋಡಬಹುದು. ಇಂಥ ಸುದ್ದಿಯ ಕೊನೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ಸಂಖ್ಯೆ 14416 ಹಾಕಿ; ಕರೆ ಉಚಿತ, ಕನ್ನಡದಲ್ಲಿ ಮಾತಾಡಬಹುದು. ಚಾನೆಲ್‌ನವರೂ ಈ ಪತ್ರ ಓದಿದರೆ, ತಜ್ಞರ ಹೆಸರು ತೋರಿಸುವ ಪರದೆಯ ಕೆಳಗಿನ ಪಟ್ಟಿಯಲ್ಲಿ ‘ಡಾ.’ ಜೊತೆಗೆ ನೋಂದಣಿ ಸಂಖ್ಯೆಗೂ ಜಾಗ ಸಾಲುತ್ತದೆ.

ಇತಿ,
ಮನಶ್ಶಾಸ್ತ್ರದ ಅಧ್ಯಾಪಕರೊಬ್ಬರು, ಮೈಸೂರು